ಗಿಟಾರ್‌ಗೆ ಪೆಟ್ಟಿಗೆಯೋ ಬ್ಯಾಗೋ? ಕಾರವಾರದ ಎರಡು ಮಳೆಗಾಲದ ಲೆಕ್ಕ

ಎರಡನ್ನೂ ಮನೆ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿ ತೂಗಿದೆ. ಬ್ಯಾಗ್ 1.3 ಕೆಜಿ. ಹಾರ್ಡ್ ಕೇಸ್, ಅಂದರೆ ಗಟ್ಟಿ ಪೆಟ್ಟಿಗೆ, 4.9 ಕೆಜಿ. ಒಳಗೆ ಮಲಗುವ ಗಿಟಾರ್ ಬರೀ 2 ಕೆಜಿ. "ಕಾಯಿಗಿಂತ ಸಿಪ್ಪೆಯೇ ಭಾರ ಆಯ್ತಲ್ರೀ" ಎಂದು ಅಂಗಡಿಯವರು ನಕ್ಕರು.

ಮೊದಲು ಕೊಂಡದ್ದು ಬ್ಯಾಗ್. 1,900 ರೂಪಾಯಿ, 15 ಎಂಎಂ ಫೋಮ್, ಬೆನ್ನಿಗೆ ಎರಡು ಪಟ್ಟಿ. ಕಾರವಾರದೊಳಗೆ ಓಡಾಡಲು ಇದಕ್ಕಿಂತ ಸುಖ ಬೇರೆ ಇಲ್ಲ. ಬೆನ್ನಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದರೆ ಮುಗಿಯಿತು. ಕಾಳಿ ಸೇತುವೆ ದಾಟಿ ಸದಾಶಿವಗಡದ ಕಡೆ ಹೋಗುವಾಗ ಮಾತ್ರ ಸ್ವಲ್ಪ ಜಾಗ್ರತೆ ಬೇಕು. ಕಡಲಿನ ಗಾಳಿ ಅಡ್ಡ ಬೀಸಿದರೆ ಗಿಟಾರ್ ದೋಣಿಯ ಹಾಯಿಯ ಹಾಗೆ ನಮ್ಮನ್ನೇ ಎಳೆಯುತ್ತದೆ. ಪೆಟ್ಟಿಗೆ ಹಿಡಿದು ಸ್ಕೂಟರ್ ಓಡಿಸಲು ಒಮ್ಮೆ ನೋಡಿದೆ. ಕಾಲ ಬಳಿ ಅಡ್ಡ ಇಟ್ಟರೆ ರಸ್ತೆಯ ಅರ್ಧ ನನ್ನದೇ. ಆ ಪ್ರಯೋಗ ಮನೆ ಗೇಟಿನಲ್ಲೇ ಮುಗಿಯಿತು.

ಬ್ಯಾಗಿನ ಮೇಲಿನ ನಂಬಿಕೆ ಹೋದದ್ದು ದೇವಿಮನೆ ಘಟ್ಟದಲ್ಲಿ. ಶಿರಸಿಯ ಗೆಳೆಯನ ಮನೆಗೆ ತಿಂಗಳಿಗೆ ಎರಡು ಸಲ ಹೋಗುತ್ತೇನೆ. ಬಸ್ಸಿನ ಮೇಲಿನ ರ‍್ಯಾಕಿನಲ್ಲಿ ಗಿಟಾರ್ ಹಿಡಿಸುವುದಿಲ್ಲ, ಹಾಗಾಗಿ ಕಾಲ ಮಧ್ಯೆ ನಿಲ್ಲಿಸಿಕೊಳ್ಳುತ್ತೇನೆ. ಆ ದಿನ ಕತಗಾಲ ದಾಟುವಾಗಲೇ ಕಣ್ಣು ಎಳೆಯುತ್ತಿತ್ತು. ಒಂದು ತಿರುವಿನಲ್ಲಿ ಡ್ರೈವರ್ ಬ್ರೇಕ್ ಹಾಕಿದರು. ಬ್ಯಾಗ್ ನನ್ನ ಕೈ ಜಾರಿ ಅಂಗಾತ ಬಿತ್ತು. ಟಕ್ ಅಂತ ಒಂದೇ ಸದ್ದು. "ತಮ್ಮಾ, ನಿದ್ದೆಗೂ ಒಂದು ಟಿಕೆಟ್ ತೆಗೀಬೇಕಿತ್ತು" ಎಂದರು ಕಂಡಕ್ಟರ್. ಬಸ್ಸಿಗೆಲ್ಲ ನಗು.

ಶಿರಸಿಯಲ್ಲಿ ಇಳಿದು ಜಿಪ್ ತೆಗೆದೆ. ಬಾಡಿಯ ಮೇಲೆ ಒಂದು ಗೀರೂ ಇಲ್ಲ. ಆದರೆ ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ) ಹಿಂದೆ, ಕತ್ತು ತಲೆಗೆ ಸೇರುವ ಜಾಗದಲ್ಲಿ, ಕೂದಲೆಳೆಯಷ್ಟು ಗೆರೆ. ತಲೆಯನ್ನು ಬೆರಳಲ್ಲಿ ಸ್ವಲ್ಪ ಅಲುಗಿಸಿದರೆ ಗೆರೆ ಬಾಯಿ ಬಿಡುತ್ತಿತ್ತು. ಗಿಟಾರ್‌ನಲ್ಲಿ ತೀರಾ ಸಪೂರ ಜಾಗ ಅದು. ತಲೆ ಹಿಂದಕ್ಕೆ ಬಾಗಿರುತ್ತದೆ, ಕತ್ತಿನೊಳಗೆ ಕೂರುವ ಟ್ರಸ್ ರಾಡ್ ಎಂಬ ಲೋಹದ ಸರಳಿಗೆಂದು ಒಳಗಿನ ಮರವನ್ನೂ ಕೊರೆದಿರುತ್ತಾರೆ. ಸಾಲದ್ದಕ್ಕೆ ಆರು ತಂತಿಗಳು ಸೇರಿ 70 ಕೆಜಿಗೂ ಜಾಸ್ತಿ ಬಲದಿಂದ ಎಳೆಯುತ್ತಿರುತ್ತವೆ. ಅಂಗಾತ ಬಿದ್ದಾಗ ಟ್ಯೂನರ್‌ಗಳ, ಅಂದರೆ ತಂತಿ ಬಿಗಿಮಾಡುವ ಕಿವಿಗಳ, ಭಾರಕ್ಕೆ ತಲೆ ಚಾಟಿಯ ತುದಿಯ ಹಾಗೆ ಬಡಿಯುತ್ತದೆ. ಫೋಮ್ ಬಾಡಿಯನ್ನು ಕಾಯುತ್ತದೆ, ಇದನ್ನಲ್ಲ. ಗೆಳೆಯನ ಮಾವ ಮರಗೆಲಸದವರು. ತಂತಿ ಸಡಿಲಿಸಿ, ಸೀಳಿನೊಳಗೆ ತೆಳ್ಳಗಿನ ಕಾಗದದಲ್ಲಿ ಅಂಟು ತೂರಿಸಿ, ಕ್ಲ್ಯಾಂಪ್ ಹಾಕಿ ಒಂದು ದಿನ ಬಿಟ್ಟರು. ಇವತ್ತಿಗೂ ಗಟ್ಟಿಯಾಗಿದೆ.

ಊರಿಗೆ ಬಂದವನೇ 6,200 ಕೊಟ್ಟು ಪ್ಲೈವುಡ್ ಪೆಟ್ಟಿಗೆ ತಂದೆ. ಹೊರಗೆ ರೆಕ್ಸಿನ್, ಒಳಗೆ ಮಖಮಲ್ಲಿನಂಥ ಬಟ್ಟೆ. ಕೊಳ್ಳುವಾಗ ಅಂಗಡಿಯಲ್ಲೇ ಎರಡು ಪರೀಕ್ಷೆ ಮಾಡಿದೆ. ಗಿಟಾರ್ ಇಟ್ಟು ಮುಚ್ಚಿ ಮೆಲ್ಲಗೆ ಅಲ್ಲಾಡಿಸಬೇಕು. ಒಳಗೆ ಗುಡುಗುಡು ಅಂದರೆ ಅಳತೆ ನಮ್ಮದಲ್ಲ. ಆಮೇಲೆ ತಲೆಯ ಕೆಳಗೆ ಬೆರಳು ತೂರಿಸಬೇಕು. ಕತ್ತು ಮೆತ್ತೆಯ ಮೇಲೆ ಕೂತಿರಬೇಕು, ತಲೆ ಏನನ್ನೂ ತಾಗದೆ ತೇಲುತ್ತಿರಬೇಕು. ತಲೆ ಹಲಗೆಗೆ ತಾಗುತ್ತಿದ್ದರೆ ಆರು ಸಾವಿರದ ಪೆಟ್ಟಿಗೆಯೊಳಗೂ ಅದೇ ಟಕ್ ಕೇಳಬೇಕಾಗುತ್ತದೆ.

ಪೆಟ್ಟಿಗೆಯ ಗತ್ತು ಗೊತ್ತಾದದ್ದು ರೈಲಿನಲ್ಲಿ. ಡಿಸೆಂಬರ್‌ನಲ್ಲಿ ಮಡಗಾಂವ್ ಕಡೆ ಮದುವೆಗಳಲ್ಲಿ ನುಡಿಸಲು ಹೋಗುತ್ತೇನೆ. ಜನರಲ್ ಬೋಗಿ, ಕಾಲಿಡಲು ಜಾಗ ಇಲ್ಲ. ಬಾಗಿಲ ಬಳಿ ಪೆಟ್ಟಿಗೆಯನ್ನು ನೆಲಕ್ಕೆ ಮಲಗಿಸಿದ್ದೆ. ಅಸ್ನೋಟಿಯಲ್ಲಿ ಹತ್ತಿದ ಒಬ್ಬ ಅಜ್ಜಿ ಬುಟ್ಟಿ ಇಳಿಸಿ, ಸೆರಗು ಸರಿಮಾಡಿಕೊಂಡು, ಸೀದಾ ಅದರ ಮೇಲೆ ಕೂತರು. ಎದ್ದೇಳಿ ಅನ್ನಲು ಬಾಯಿ ಬರಲಿಲ್ಲ. ಕಾಣಕೋಣದವರೆಗೂ ಆರಾಮಾಗಿ ಕೂತಿದ್ದರು. ಇಳಿದ ಮೇಲೆ ತೆಗೆದು ನೋಡಿದರೆ ಶ್ರುತಿ ಕೂಡ ಇಳಿದಿರಲಿಲ್ಲ. ಬ್ಯಾಗ್ ಆಗಿದ್ದರೆ ಕಟ್ಟಿಗೆ ಮನೆಗೆ ತರಬೇಕಿತ್ತು.

ಹಾಗಾದರೆ ಪೆಟ್ಟಿಗೆಯೇ ಗೆದ್ದಿತಾ? ಜುಲೈ ಬರುವವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಸಂಜೆ ಜಡಿಮಳೆಯಲ್ಲಿ ಬಂದು, ಹೊರಗಿನ ನೀರು ಒರೆಸಿ, ಹೆಗಲಿಗೆ ಹಾಕುವ ಒದ್ದೆ ಪಟ್ಟಿಯ ಸಮೇತ ಗಿಟಾರನ್ನು ಒಳಗಿಟ್ಟು ಕ್ಲಿಪ್ ಹಾಕಿದೆ. ಒಂಬತ್ತು ದಿನ ಬಿಟ್ಟು ತೆಗೆದರೆ ಹಳೇ ಗೋದಾಮಿನ ವಾಸನೆ. ಚರ್ಮದ ಪಟ್ಟಿಯ ಮೇಲೆ ಹಸಿರು ಬೂಷ್ಟು, ಒಳಬಟ್ಟೆಯ ಮೇಲೆ ಬಿಳಿ ಚುಕ್ಕೆಗಳು. ಆಗಸ್ಟ್ ಹೊತ್ತಿಗೆ ಐದು ಕ್ಲಿಪ್‌ಗಳಲ್ಲಿ ಮೂರು ತುಕ್ಕು ಹಿಡಿದಿದ್ದವು. ಬ್ಯಾಗ್ ನೆನೆದರೆ ರಾತ್ರಿ ಫ್ಯಾನ್ ಕೆಳಗೆ ಹರವಿದರೆ ಸಾಕು. ಪೆಟ್ಟಿಗೆ ನೆನೆದರೆ ಮೂರು ಬಿಸಿಲು ಬೇಕು. ಜುಲೈನಲ್ಲಿ ಕಾರವಾರದಲ್ಲಿ ಬಿಸಿಲು ಎಲ್ಲಿಂದ ತರುವುದು?

ತೇವ ಅಳೆಯುವ ಸಣ್ಣ ಮೀಟರ್ ತರಿಸಿದೆ. ಗಿಟಾರ್‌ಗೆ ಶೇ. 45ರಿಂದ 55ರ ತೇವ ಹಿತ. ನನ್ನ ಕೋಣೆಯಲ್ಲಿ ಶೇ. 88 ತೋರಿಸಿತು. ಬ್ಯಾಗಿನೊಳಗೆ ಮೂರು ತಾಸು ಬಿಟ್ಟರೆ 84, ಅಂದರೆ ಬ್ಯಾಗ್ ಇದ್ದೂ ಇಲ್ಲದ ಹಾಗೆ. ಒಣಗಿದ ಪೆಟ್ಟಿಗೆಗೆ ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿ ಎರಡು ದಿನ ಮುಚ್ಚಿಟ್ಟಾಗ 62ಕ್ಕೆ ಇಳಿಯಿತು. ಬೆರಳಿಗೂ ವ್ಯತ್ಯಾಸ ಗೊತ್ತಾಯಿತು. ತೇವ ಕುಡಿದ ಗಿಟಾರ್‌ನ ಮುಂಭಾಗ ಉಬ್ಬಿ ತಂತಿ ಮೇಲೇಳುತ್ತದೆ, ಒಂದೇ ಬೆರಳಲ್ಲಿ ಹಲವು ತಂತಿ ಒತ್ತುವ ಬಾರ್ ಕಾರ್ಡ್ ಹಿಡಿಯುವಾಗ ಕೈ ನೋಯುತ್ತದೆ. ಆ ವರ್ಷ ಅದು ಕಡಿಮೆಯಾಯಿತು. ಪೆಟ್ಟಿಗೆ ಒಳಗಿರುವುದನ್ನು ಕಾಪಾಡುತ್ತದೆ. ಒಳಗಿರುವುದು ತೇವವಾದರೆ ತೇವವನ್ನೇ ಕಾಪಾಡುತ್ತದೆ, ಅಷ್ಟೇ. ಸಿಲಿಕಾ ಜೆಲ್‌ನಲ್ಲಿ ನೀಲಿ ಹರಳಿನದು ಬೇಡ, ಅದರಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ. ಕಿತ್ತಳೆ ಬಣ್ಣದ್ದು ತಂದು, ಬಣ್ಣ ಬದಲಾದಾಗ ಬೇರೆ ಡಬ್ಬದಲ್ಲಿ ಬಿಸಿ ಮಾಡಿ ಒಣಗಿಸುತ್ತೇನೆ. ದೋಸೆ ಕಾವಲಿ ಮುಟ್ಟಿದರೆ ಅಮ್ಮ ನನ್ನನ್ನೇ ಹುರಿಯುತ್ತಾರೆ.

ಇವೆರಡರ ಮಧ್ಯೆ ಫೋಮ್ ಕೇಸ್ ಅಂತ ಒಂದಿದೆ. ಗೆಳೆಯನದನ್ನು ಒಂದು ವಾರ ಬಳಸಿದೆ. ಹಗುರ ಇದೆ, ಬೆನ್ನಿಗೂ ಹಾಕಬಹುದು. ಅಜ್ಜಿ ಕೂತರೆ ಏನಾಗುತ್ತದೋ ನೋಡುವ ಧೈರ್ಯ ಆಗಲಿಲ್ಲ.

ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿಟಾರ್ ಮನೆಯಲ್ಲಿದ್ದಾಗ ಪೆಟ್ಟಿಗೆಯಲ್ಲಿ, ಅದೂ ಚೆನ್ನಾಗಿ ಒರೆಸಿದ ಮೇಲೆ. ರೈಲಿಗೂ, ಬೇರೆಯವರು ಎತ್ತಿ ಇಳಿಸುವ ಗಾಡಿಗೂ ಪೆಟ್ಟಿಗೆಯೇ. ಒಂದನ್ನೇ ಕೊಳ್ಳಲು ದುಡ್ಡಿದ್ದು, ಓಡಾಟ ಸ್ಕೂಟರ್‌ನಲ್ಲಾದರೆ ಕಣ್ಣು ಮುಚ್ಚಿ ಬ್ಯಾಗ್ ತೆಗೆದುಕೊಳ್ಳಿ, 20 ಎಂಎಂ ಫೋಮ್‌ನದು, ಮಳೆ ಕವರ್ ಇರುವುದು. ಜಿಪ್ಪಿಗೆ ತಿಂಗಳಿಗೊಮ್ಮೆ ಮೇಣದ ಬತ್ತಿ ಉಜ್ಜಿ, ಇಲ್ಲವಾದರೆ ಉಪ್ಪುಗಾಳಿಗೆ ಕಚ್ಚಿಕೊಳ್ಳುತ್ತದೆ. ಶಿರಸಿ ಬಸ್ಸಿಗೆ ನಾನು ಈಗಲೂ ಬ್ಯಾಗನ್ನೇ ಒಯ್ಯುತ್ತೇನೆ. ಕತ್ತಿನ ಕೆಳಗೆ ಒಂದು ಟವೆಲ್ ಸುತ್ತಿ ಇಡುತ್ತೇನೆ, ಕುಮಟಾದಲ್ಲಿ ಬಸ್ ನಿಂತಾಗ ತಂತಿಗಳನ್ನು ಒಂದು ಸ್ವರ ಇಳಿಸುತ್ತೇನೆ, ಘಟ್ಟ ಹತ್ತುವಾಗ ಪಟ್ಟಿಯನ್ನು ಮೊಣಕೈಗೆ ಎರಡು ಸುತ್ತು ಸುತ್ತಿಕೊಳ್ಳುತ್ತೇನೆ.