ರಿಯಾಕ್ಟ್ ರೂಟರ್ 7: ಗಂಜ್‌ನ ಲೆಕ್ಕದ ಆ್ಯಪ್‌ಗೆ ಎಷ್ಟು ಒಗ್ಗುತ್ತದೆ?

ತೊಗರಿ ಆವಕ ಜೋರಿದ್ದ ದಿನ ಕಲಬುರಗಿಯ ನೆಹರೂ ಗಂಜ್‌ನಲ್ಲಿ ಅಡತಿ ಅಂಗಡಿಯ ಗುಮಾಸ್ತನಿಗೆ ಮೂರೇ ಪುಟ ಸಾಕು. ಆವಕದ ಯಾದಿ, ರೈತನ ಹಿಸಾಬಿನ ಪಟ್ಟಿ, ತಾಲೂಕುವಾರು ದರ. ಈ ಮೂರರ ನಡುವೆಯೇ ಅವನು ದಿನವಿಡೀ ಹೋಗಿ ಬರುತ್ತಿರುತ್ತಾನೆ. ಬ್ಯಾಕ್ ಒತ್ತಿದರೆ ಯಾದಿಯಲ್ಲಿ ಬಿಟ್ಟ ಸಾಲಿಗೇ ಬರಬೇಕು, ಸೇಡಂ ಒತ್ತಿದರೆ ಸೇಡಂ ದರವೇ ಕಾಣಬೇಕು, ತುಂಬಿದ ಅಂಕಿ ಮಾಯವಾಗಬಾರದು. ರಿಯಾಕ್ಟ್ ಎಂಬುದು ವೆಬ್ ಆ್ಯಪ್‌ನ ಪರದೆ ಕಟ್ಟುವ ಜಾವಾಸ್ಕ್ರಿಪ್ಟ್ ಗ್ರಂಥಾಲಯ, ಯಾವ ವಿಳಾಸಕ್ಕೆ ಯಾವ ಪುಟ ಎಂದು ನೋಡಿಕೊಳ್ಳುವುದು ರಿಯಾಕ್ಟ್ ರೂಟರ್. ಅದರ 7ನೇ ಆವೃತ್ತಿಯನ್ನು ಈ ಕೆಲಸಕ್ಕೆ ಹಚ್ಚಿದರೆ ಎಲ್ಲಿ ಗೆಲ್ಲುತ್ತದೆ, ಎಲ್ಲಿ ನಾವೇ ಕೈಹಾಕಬೇಕಾಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

2014ರಿಂದ ಇರುವ ಗ್ರಂಥಾಲಯ ಇದು. ಎಂಐಟಿ ಪರವಾನಗಿ, ಪೂರ್ತಿ ಉಚಿತ. 2024ರ ನವೆಂಬರ್‌ನಲ್ಲಿ ಬಂದ 7ನೇ ಆವೃತ್ತಿಯಲ್ಲಿ ಸರ್ವರ್‌ನಲ್ಲೂ ಪುಟ ಕಟ್ಟುವ ರಿಮಿಕ್ಸ್ ಫ್ರೇಮ್‌ವರ್ಕ್ ಇದರೊಳಗೇ ಸೇರಿಕೊಂಡಿತು. ರಿಯಾಕ್ಟ್ 18, ನೋಡ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) 20 ಅಥವಾ ಅದಕ್ಕಿಂತ ಹೊಸದು ಬೇಕು. ಬಳಸಲು ಮೂರು ಬಗೆಗಳಿವೆ: ಡಿಕ್ಲರೇಟಿವ್, ಡೇಟಾ, ಫ್ರೇಮ್‌ವರ್ಕ್. ಹೊಸಬರು ಎಡವುವುದು ಇಲ್ಲೇ. ಒಂದು ಬಗೆಯಲ್ಲಿ ಸಿಗುವ ಸೌಲಭ್ಯ ಇನ್ನೊಂದರಲ್ಲಿ ಇರುವುದಿಲ್ಲ, ಅಂತರ್ಜಾಲದಲ್ಲಿ ಸಿಕ್ಕ ಉದಾಹರಣೆ ಯಾವ ಬಗೆಯದೆಂದು ನೋಡದೆ ನಕಲು ಮಾಡಿದರೆ ನಡೆಯುವುದಿಲ್ಲ.

ಅಂಗಡಿಯ ಆ್ಯಪ್‌ಗೆ ಡೇಟಾ ಬಗೆಯೇ ಸರಿ. ಅಂದರೆ ಬ್ರೌಸರ್‌ರೂಟರ್ ಘಟಕ ಬಿಟ್ಟು, ಕ್ರಿಯೇಟ್‌ಬ್ರೌಸರ್‌ರೂಟರ್ ಎಂಬ ಫಂಕ್ಷನ್‌ಗೆ ಪುಟಗಳ ಯಾದಿ ಕೊಟ್ಟು, ಪ್ರತಿ ಪುಟಕ್ಕೂ ಅದರದೇ ಲೋಡರ್ (ಪುಟ ಮೂಡುವ ಮೊದಲೇ ದತ್ತಾಂಶ ತರುವ ಫಂಕ್ಷನ್) ಬರೆಯುವುದು. ಕಾರಣ ನೆಟ್‌ವರ್ಕ್. ಡಿಕ್ಲರೇಟಿವ್ ಬಗೆಯಲ್ಲಿ ದತ್ತಾಂಶವನ್ನು ಪುಟ ತೆರೆದ ಮೇಲೆ ಯೂಸ್‌ಇಫೆಕ್ಟ್‌ನೊಳಗೆ ತರಿಸುವುದು ರೂಢಿ. ಗುಮಾಸ್ತ ಸೇಡಂ ಒತ್ತಿದ, ಉತ್ತರ ಬರುವ ಮೊದಲೇ ಚಿತ್ತಾಪುರ ಒತ್ತಿದ ಎನ್ನೋಣ. ಚಿತ್ತಾಪುರದ ಉತ್ತರ ಬೇಗ ಬಂದು, ಸೇಡಂನದು ತಡವಾಗಿ ಬಂದರೆ, ತಲೆಬರಹದಲ್ಲಿ ಚಿತ್ತಾಪುರ, ಕೆಳಗೆ ಸೇಡಂ ದರ! ಎರಡೂ ತೊಗರಿಯ ಕ್ವಿಂಟಲ್ ದರವೇ ಆದ್ದರಿಂದ ನೋಡಿದವರಿಗೆ ಅನುಮಾನವೂ ಬರುವುದಿಲ್ಲ. ಡೇಟಾ ಬಗೆಯಲ್ಲಿ ರೂಟರ್ ಹಳೆಯ ಉತ್ತರವನ್ನು ತಾನೇ ಕೈಬಿಡುತ್ತದೆ. ಲೋಡರ್‌ಗೆ ಬರುವ ರಿಕ್ವೆಸ್ಟ್‌ನ ಸಿಗ್ನಲ್ ಅನ್ನು, ಅಂದರೆ ಕೆಲಸ ರದ್ದಾಯಿತೆಂಬ ಸೂಚನೆಯನ್ನು, ದತ್ತಾಂಶ ತರಿಸುವ ಫೆಚ್‌ಗೂ ದಾಟಿಸಿದರೆ ಆ ಕೋರಿಕೆಯೇ ಅರ್ಧಕ್ಕೆ ನಿಂತು ಮೊಬೈಲ್ ಡೇಟಾ ಉಳಿಯುತ್ತದೆ. ಒಂದೇ ಸಾಲಿನ ಕೆಲಸ, ಬಿಡಬೇಡಿ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಲೋಡರ್ ಮುಗಿಯುವವರೆಗೆ ಹಳೆಯ ಪುಟ ಹಾಗೇ ನಿಂತಿರುತ್ತದೆ, ಒತ್ತಿದ್ದಕ್ಕೆ ಗುರುತೇ ಇರುವುದಿಲ್ಲ. ಚಿಂಚೋಳಿ ಕಡೆಯ ಹಳ್ಳಿಯಲ್ಲಿ ಸಿಗ್ನಲ್‌ನ ಒಂದೇ ಕಡ್ಡಿ ಕಾಣುವಾಗ ಜನ ಮತ್ತೆ ಮತ್ತೆ ಒತ್ತುತ್ತಾರೆ. ಪ್ರತಿ ಸಲ ಒತ್ತಿದಾಗಲೂ ರೂಟರ್ ಹಿಂದಿನ ಕೋರಿಕೆಯನ್ನು ಬಿಟ್ಟು ಮೊದಲಿನಿಂದ ಶುರುಮಾಡುತ್ತದೆ. ಹೀಗಾಗಿ ಅವಸರ ಮಾಡಿದಷ್ಟೂ ಪುಟ ದೂರವಾಗುತ್ತದೆ. ನನ್ನ ಮಟ್ಟಿಗೆ ಈ ಗ್ರಂಥಾಲಯದ ದೊಡ್ಡ ಕೊರತೆ ಇದೇ, ನಾವು ಏನೂ ಬರೆಯದಿದ್ದರೂ ಅದು ಒಂದು ಗುರುತು ತೋರಿಸುವಂತಿರಬೇಕಿತ್ತು. ಪರಿಹಾರ ಹೀಗೆ: ಯೂಸ್‌ನ್ಯಾವಿಗೇಶನ್ ಕೊಡುವ ಸ್ಥಿತಿ 'ಲೋಡಿಂಗ್' ಇದ್ದಾಗ ಮೇಲೊಂದು ಪಟ್ಟೆ ಓಡಿಸಿ, 150 ಮಿಲಿಸೆಕೆಂಡ್ ತಡಮಾಡಿ ತೋರಿಸಿದರೆ ವೇಗದ ನೆಟ್‌ವರ್ಕ್‌ನಲ್ಲಿ ಮಿನುಗುವುದಿಲ್ಲ. ಒತ್ತಿದ ಸಾಲಿನ ಬಣ್ಣ ಬದಲಿಸಲು ಸಾದಾ ಲಿಂಕ್ ಬದಲು ನ್ಯಾವ್‌ಲಿಂಕ್ ಬಳಸಿ, ಅದು ಈಸ್‌ಪೆಂಡಿಂಗ್ ಎಂಬ ಗುರುತು ಕೊಡುತ್ತದೆ. ಆ ಗುರುತು ಇರುವಷ್ಟು ಹೊತ್ತು ಎರಡನೇ ಒತ್ತನ್ನು ತಡೆಯಿರಿ. ಆ್ಯಪ್ ಮೊದಲ ಸಲ ತೆರೆದಾಗಲೂ ಇದೇ ಕಥೆ. ಅಲ್ಲಿಯವರೆಗೆ ತೋರಿಸಲು ಹೈಡ್ರೇಟ್‌ಫಾಲ್‌ಬ್ಯಾಕ್ ಎಂಬ ತಾತ್ಕಾಲಿಕ ಘಟಕ ಕೊಡದಿದ್ದರೆ ಲೋಡರ್ ಮುಗಿಯುವವರೆಗೆ ಬಿಳಿ ಪರದೆ.

ಬ್ಯಾಕ್ ಬಟನ್ ವಿಷಯದಲ್ಲಿ ರೂಟರ್ ಹೇಳಿದಂತೆ ಕೇಳುತ್ತದೆ, ಆದರೆ ಹೇಳಬೇಕು. ಹೊಸ ಪುಟಕ್ಕೆ ಹೋದಾಗಲೆಲ್ಲ ಅದು ಬ್ರೌಸರ್ ಇತಿಹಾಸಕ್ಕೆ ಒಂದು ನಮೂದು ಸೇರಿಸುತ್ತದೆ. ಯಾದಿಯನ್ನು ದಿನಾಂಕ, ಊರು, ತಳಿ ಎಂದು ಸೋಸುವಾಗ ಆಯ್ಕೆಗಳನ್ನು ವಿಳಾಸದಲ್ಲೇ ಬರೆಯುವ ಯೂಸ್‌ಸರ್ಚ್‌ಪ್ಯಾರಮ್ಸ್ ಬಳಸಿದರೆ ಪ್ರತಿ ಆಯ್ಕೆಯೂ ಒಂದು ನಮೂದೇ. ಹುಡುಕುವ ಡಬ್ಬಿಯಲ್ಲಿ ಆರು ಅಕ್ಷರ ಟೈಪಿಸಿದವನು ಹೊರಬರಲು ಆರು ಸಲ ಬ್ಯಾಕ್ ಒತ್ತಬೇಕು. ಅಲ್ಲಿ ರಿಪ್ಲೇಸ್ ಆಯ್ಕೆಯನ್ನು 'ಟ್ರೂ' ಮಾಡಿ, ಆಗ ಹೊಸ ನಮೂದು ಹಳೆಯದರ ಜಾಗದಲ್ಲೇ ಕೂರುತ್ತದೆ. ಆಯ್ಕೆ ಬದಲಿಸಲು ಯೂಸ್‌ಸರ್ಚ್‌ಪ್ಯಾರಮ್ಸ್ ಕೊಡುವ ಫಂಕ್ಷನ್ನನ್ನು ಒಂದರ ಹಿಂದೊಂದು ಎರಡು ಸಲ ಕರೆದರೆ ಎರಡನೆಯದು ಮೊದಲನೆಯದನ್ನು ಅಳಿಸುತ್ತದೆ, ರಿಯಾಕ್ಟ್‌ನ ಸೆಟ್‌ಸ್ಟೇಟ್‌ನಂತೆ ಸರದಿಯಲ್ಲಿ ನಿಲ್ಲುವುದಿಲ್ಲ. ದಿನಾಂಕ, ಊರು ಎರಡೂ ಬದಲಾಗುವುದಿದ್ದರೆ ಒಂದೇ ಕರೆಯಲ್ಲಿ ಮುಗಿಸಿ. ಪಟ್ಟಿ ಉಳಿಸಿದ ಮೇಲೆ ಯಾದಿಗೆ ಮರಳಿಸುವಾಗಲೂ ರಿಪ್ಲೇಸ್ ಬೇಕು. ಇಲ್ಲದಿದ್ದರೆ ಬ್ಯಾಕ್ ಒತ್ತಿದ ಗುಮಾಸ್ತ ಮತ್ತದೇ ನಮೂನೆಗೆ ಹೋಗಿ, ಅದೇ ಚೀಲಗಳಿಗೆ ಎರಡನೇ ಪಟ್ಟಿ ಮಾಡಿಬಿಡುತ್ತಾನೆ. ಹಮಾಲಿ, ತೂಕ, ಕಮಿಷನ್ ಎಲ್ಲವೂ ಎರಡು ಬಾರಿ.

ಬಿಟ್ಟ ಸಾಲಿಗೇ ಮರಳುವ ಕೆಲಸಕ್ಕೆ ಸ್ಕ್ರೋಲ್‌ರೆಸ್ಟೋರೇಶನ್ ಎಂಬ ಘಟಕವನ್ನು ಮೂಲ ಪುಟದಲ್ಲಿ ಒಮ್ಮೆ ಹಾಕಿದರೆ ಸಾಕು. ಡೇಟಾ ಬಗೆಯಲ್ಲಿ ಇದು ಚೆನ್ನಾಗಿ ನಡೆಯುವುದಕ್ಕೆ ಕಾರಣವಿದೆ: ಲೋಡರ್ ಮೊದಲೇ ಮುಗಿದಿರುವುದರಿಂದ ಪುಟ ಮೂಡುವಾಗಲೇ ಅದರ ಪೂರ್ತಿ ಉದ್ದ ಇರುತ್ತದೆ. ದತ್ತಾಂಶವನ್ನು ಆಮೇಲೆ ತುಂಬಿಸುವ ಅವೇಟ್ ವಿಧಾನ ಹಿಡಿದರೆ ಪುಟ ಗಿಡ್ಡವಿದ್ದಾಗಲೇ ಜಾಗ ಹುಡುಕಿ ಸೋಲುತ್ತದೆ. ಉದ್ದದ ಯಾದಿಗೆ ಆ ವಿಧಾನ ಬೇಡ. ಪುಟದೊಳಗಿನ ಟ್ಯಾಬ್ ಬದಲಿಸಿದಾಗ ಪರದೆ ತುದಿಗೆ ಜಿಗಿಯುವುದನ್ನು ತಪ್ಪಿಸಲು ಲಿಂಕ್‌ಗೆ ಪ್ರಿವೆಂಟ್‌ಸ್ಕ್ರೋಲ್‌ರಿಸೆಟ್ ಕೊಡಿ.

ಹಣದ ಆ್ಯಪ್‌ನಲ್ಲಿ ಎಲ್ಲಕ್ಕಿಂತ ಅಪಾಯದ್ದು ಒಂದಿದೆ. ಒಬ್ಬ ರೈತನ ಪುಟದಿಂದ ಇನ್ನೊಬ್ಬ ರೈತನ ಪುಟಕ್ಕೆ ನೇರ ಹೋದರೆ ವಿಳಾಸದ ಸಂಖ್ಯೆಯಷ್ಟೇ ಬದಲಾಗುತ್ತದೆ, ಪುಟದ ಘಟಕ ಹೊಸದಾಗಿ ಹುಟ್ಟುವುದಿಲ್ಲ. ಮೊದಲ ರೈತನಿಗೆಂದು ತುಂಬಿದ 14 ಕ್ವಿಂಟಲ್ ಎರಡನೇ ರೈತನ ಹೆಸರಿನ ಕೆಳಗೆ ಹಾಗೇ ಕುಳಿತಿರುತ್ತದೆ. ಇದು ರೂಟರ್‌ನ ದೋಷವಲ್ಲ, ರಿಯಾಕ್ಟ್‌ನ ಸ್ವಭಾವ. ನಮೂನೆಯ ಘಟಕಕ್ಕೆ ರೈತನ ಸಂಖ್ಯೆಯನ್ನೇ ಕೀ (ಬದಲಾದಾಗ ಘಟಕವನ್ನು ಹೊಸದಾಗಿ ಕಟ್ಟಿಸುವ ಗುರುತು) ಆಗಿ ಕೊಟ್ಟರೆ ತೀರಿತು. ಅರ್ಧ ತುಂಬಿದ ನಮೂನೆ ಬಿಟ್ಟು ಹೋಗುವವರನ್ನು ತಡೆದು ಕೇಳಲು ಯೂಸ್‌ಬ್ಲಾಕರ್ ಇದೆ. ಅದು ಆ್ಯಪ್‌ನೊಳಗಿನ ಓಡಾಟಕ್ಕೆ ಮಾತ್ರ. ಪುಟ ರಿಫ್ರೆಶ್ ಆದರೆ, ಟ್ಯಾಬ್ ಮುಚ್ಚಿದರೆ ಅದು ಕೆಲಸಕ್ಕೆ ಬಾರದು. ಅಂಕಿಗಳನ್ನು ಲೋಕಲ್‌ಸ್ಟೋರೇಜ್‌ನಲ್ಲಿ ಆಗಾಗ ಬರೆದಿಡುವುದೊಂದೇ ಭರವಸೆಯ ದಾರಿ.

ವಿಳಾಸದಲ್ಲಿ ಕನ್ನಡ ಇರಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇದೆ. ರಿಯಾಕ್ಟ್ ರೂಟರ್ ಅದನ್ನು ತಡೆಯುವುದಿಲ್ಲ. ಯೂಸ್‌ಪ್ಯಾರಮ್ಸ್ ಕೊಡುವ ಹೆಸರು ಓದಲು ಬರುವ ಕನ್ನಡವೇ. ಆದರೆ ಯೂಸ್‌ಲೊಕೇಶನ್ ಕೊಡುವ ಹಾದಿ ಶೇಕಡಾ ಚಿಹ್ನೆಗಳ ಸಂಕೇತರೂಪದಲ್ಲೇ ಇರುತ್ತದೆ, ಎರಡನ್ನೂ ಹೋಲಿಸಿದರೆ ಎಂದೂ ಹೊಂದುವುದಿಲ್ಲ. ಕೋಲನ್ ನಂತರ ಬರೆಯುವ ನಿಯತಾಂಕದ (ವಿಳಾಸದಲ್ಲಿ ಬದಲಾಗುವ ಭಾಗದ) ಹೆಸರು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಇರಲಿ, ಕನ್ನಡದಲ್ಲಿ ಬರೆದರೆ ರೂಟರ್ ಅದನ್ನು ನಿಯತಾಂಕವೆಂದು ಗುರುತಿಸುವುದಿಲ್ಲ. ಉದ್ದದ ಲೆಕ್ಕವನ್ನೂ ನೋಡಿ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೆ ಯುಟಿಎಫ್-8ರಲ್ಲಿ 3 ಬೈಟ್, ಸಂಕೇತರೂಪದಲ್ಲಿ 9 ಅಕ್ಷರ. 'ಕಲಬುರಗಿ'ಯಲ್ಲಿ ಸ್ವರಚಿಹ್ನೆ ಸೇರಿ 7 ಚಿಹ್ನೆಗಳು, ಆದ್ದರಿಂದ ವಾಟ್ಸ್‌ಆ್ಯಪ್‌ಗೆ ಅಂಟಿಸಿದಾಗ ಆ ಒಂದು ಪದವೇ 63 ಅಕ್ಷರ ಆಗಬಹುದು.

ಅದಕ್ಕಿಂತ ಸೂಕ್ಷ್ಮದ್ದು ಅಕ್ಷರಗಳ ಜೋಡಣೆ. 'ಚಿಂಚೋಳಿ'ಯ ಓಕಾರವನ್ನು ಒಂದೇ ಚಿಹ್ನೆಯಾಗಿಯೂ, ಮೂರು ಬಿಡಿ ಚಿಹ್ನೆಗಳಾಗಿಯೂ ಸಂಗ್ರಹಿಸಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. 'ಅಫಜಲ್‌ಪುರ' ಎಂದು ಬರೆಯುವಾಗ ಲ್ ಮತ್ತು ಪು ನಡುವೆ ಕಾಣದ ವಿಭಜಕವೊಂದು ಸೇರುತ್ತದೆ, 'ಅಫಜಲಪುರ'ದಲ್ಲಿ ಅದಿಲ್ಲ. ಪುಟ ತೆರೆಯುತ್ತದೆ, ದತ್ತಾಂಶ ಸಿಗುವುದಿಲ್ಲ, ಕಾರಣ ಹುಡುಕಲು ಅರ್ಧ ದಿನ ಹೋಗುತ್ತದೆ. ಲೋಡರ್‌ನಲ್ಲಿ ಹೆಸರು ಬಂದ ಕೂಡಲೇ ನಾರ್ಮಲೈಸ್ ಫಂಕ್ಷನ್‌ನಿಂದ ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಜೋಡಿಸಿದ ರೂಪಕ್ಕೆ ತಂದರೆ ಓಕಾರದ ತೊಂದರೆ ನೀಗುತ್ತದೆ. ವಿಭಜಕವನ್ನು ಅದು ಮುಟ್ಟುವುದಿಲ್ಲ, ಬೇರೆಯಾಗಿಯೇ ತೆಗೆಯಬೇಕು. ತಾಲೂಕಿಗೊಂದು ಚಿಕ್ಕ ಇಂಗ್ಲಿಷ್ ಗುರುತನ್ನು ವಿಳಾಸದಲ್ಲಿಟ್ಟು, ಕನ್ನಡವನ್ನು ಪುಟದ ಶೀರ್ಷಿಕೆಯಲ್ಲಿ ದೊಡ್ಡದಾಗಿ ತೋರಿಸುವುದೇ ಮೇಲು. ಊರಿನ ಹೆಸರೂ ಬದಲಾಗುತ್ತದೆ: 2014ರಲ್ಲಿ ಗುಲಬರ್ಗಾ ಕಲಬುರಗಿ ಆಯಿತು. ಹಳೆಯ ಹೆಸರಿನ ವಿಳಾಸಕ್ಕೆ ರಿಡೈರೆಕ್ಟ್ ಮಾಡುವ ಒಂದು ಲೋಡರ್ ಇಟ್ಟರೆ ಹಳೆಯ ಲಿಂಕ್‌ಗಳು ಸಾಯುವುದಿಲ್ಲ.

ಲಾಗಿನ್ ಕಾವಲಿನಲ್ಲಿ ಒಂದು ಎಚ್ಚರ. ತಂದೆ ಪುಟದ (ಒಳಪುಟಗಳನ್ನು ಹೊತ್ತ ಹೊರಪುಟದ) ಲೋಡರ್‌ನಲ್ಲಿ ಲಾಗಿನ್ ಪರೀಕ್ಷಿಸಿದರೆ ಮಕ್ಕಳ ಪುಟಗಳಿಗೂ ಕಾವಲಾಯಿತು ಎಂದುಕೊಳ್ಳುತ್ತಾರೆ. ಆಗುವುದಿಲ್ಲ. ಲೋಡರ್‌ಗಳೆಲ್ಲ ಒಟ್ಟಿಗೇ ಓಡುತ್ತವೆ. 7ರ ಇತ್ತೀಚಿನ ಆವೃತ್ತಿಗಳಲ್ಲಿ ಲೋಡರ್‌ಗಳಿಗಿಂತ ಮೊದಲೇ ಓಡುವ ಮಿಡಲ್‌ವೇರ್ ಇದಕ್ಕೆಂದೇ ಬಂದದ್ದು. ಏನೇ ಇರಲಿ, ನಿಜವಾದ ಕಾವಲು ಸರ್ವರ್‌ನಲ್ಲೇ ಇರಬೇಕು. ಲಾಗಿನ್ ನಂತರ ಹೋಗಬೇಕಾದ ಹಾದಿಯನ್ನು ವಿಳಾಸದಲ್ಲಿ ಇಟ್ಟಿದ್ದರೆ ಅದು ಒಂದೇ ಓರೆಗೆರೆಯಿಂದ ಶುರುವಾಗುತ್ತದೆಯೇ ನೋಡಿ. ಎರಡಿದ್ದರೆ ಬೇರೆ ಯಾರದೋ ಜಾಲತಾಣಕ್ಕೆ ಕರೆದೊಯ್ಯಬಹುದು.

ಡೇಟಾ ಪ್ಯಾಕ್ ಲೆಕ್ಕ ಹಾಕುವವರಿಗೆ ಇನ್ನೊಂದು. ನಮೂನೆ ಸಲ್ಲಿಸಿದಾಗ, ಸೋಸುವ ಆಯ್ಕೆ ಬದಲಾದಾಗ, ಪರದೆಯ ಮೇಲಿರುವ ಎಲ್ಲ ಲೋಡರ್‌ಗಳೂ ಮತ್ತೆ ಓಡುತ್ತವೆ. ತಾಲೂಕುಗಳ ಯಾದಿಯಂಥ ಬದಲಾಗದ ದತ್ತಾಂಶಕ್ಕೆ ಶುಡ್‌ರಿವ್ಯಾಲಿಡೇಟ್ ಬರೆದು ತಡೆಯಿರಿ.

ಸರ್ವರ್‌ಗೆ ಏರಿಸಿದ ದಿನ ಬರುವ ದೂರು ಎಲ್ಲ ಕಡೆಯೂ ಒಂದೇ: ಒಳಗೆ ಒತ್ತಿದರೆ ಪುಟ ತೆರೆಯುತ್ತದೆ, ರಿಫ್ರೆಶ್ ಮಾಡಿದರೆ 404. ಆ ಹಾದಿಯ ಫೈಲ್ ಸರ್ವರ್‌ನಲ್ಲಿ ಇರುವುದೇ ಇಲ್ಲ. ಎಂಜಿನ್‌ಎಕ್ಸ್ ಸರ್ವರ್ ಇದ್ದರೆ ಟ್ರೈ_ಫೈಲ್ಸ್ ಸಾಲಿನ ಕೊನೆಗೆ ಇಂಡೆಕ್ಸ್ ಪುಟ ಕೊಡಿ, ಅಪಾಚಿ ಸರ್ವರ್‌ನಲ್ಲಿ ರೀರೈಟ್ ನಿಯಮ ಬರೆಯಿರಿ. ಅಗ್ಗದ ಹೋಸ್ಟಿಂಗ್‌ನಲ್ಲಿ ಇವೆರಡಕ್ಕೂ ಅವಕಾಶವಿಲ್ಲದಿದ್ದರೆ ಕ್ರಿಯೇಟ್‌ಹ್ಯಾಶ್‌ರೂಟರ್ ಉಂಟು, ವಿಳಾಸದಲ್ಲಿ ಹ್ಯಾಶ್ ಗುರುತು ಉಳಿಯುತ್ತದೆ ಅಷ್ಟೇ. ಆ್ಯಪ್ ಸರ್ವರ್‌ನ ಒಳಫೋಲ್ಡರ್‌ನಲ್ಲಿದ್ದರೆ ರೂಟರ್‌ಗೆ ಬೇಸ್‌ನೇಮ್, ಆ್ಯಪ್‌ನ ಫೈಲ್‌ಗಳನ್ನು ಕಟ್ಟಿಕೊಡುವ ಸಾಧನ ವೀಟ್‌ಗೆ ಬೇಸ್, ಎರಡನ್ನೂ ಕೊಡಬೇಕು. ಬೇಸ್ ಅನ್ನು ಚುಕ್ಕೆ-ಓರೆಗೆರೆ ಎಂದಿಟ್ಟರೆ ಒಳಪುಟ ರಿಫ್ರೆಶ್ ಆದಾಗ ಜಾವಾಸ್ಕ್ರಿಪ್ಟ್ ಬದಲು ಇಂಡೆಕ್ಸ್ ಪುಟವೇ ಬಂದು ಬಿಳಿ ಪರದೆಯಾಗುತ್ತದೆ.

ಪುಟಗಳನ್ನು ಲೇಜಿ ಆಗಿ (ಬೇಕಾದಾಗಷ್ಟೇ ಇಳಿಯುವಂತೆ) ಬಿಡಿಬಿಡಿ ಫೈಲ್ ಮಾಡಿದ್ದರೆ ಹೊಸ ಆವೃತ್ತಿ ಏರಿಸಿದ ಕೂಡಲೇ ಹಳೆಯ ಫೈಲ್ ಅಳಿಸಬೇಡಿ. ಬೆಳಿಗ್ಗೆ ತೆರೆದ ಟ್ಯಾಬನ್ನು ಸಂಜೆವರೆಗೂ ಮುಚ್ಚದ ಅಂಗಡಿಗಳಲ್ಲಿ, ಮುಂದಿನ ಪುಟ ಒತ್ತಿದಾಗ ಹಳೆಯ ಹೆಸರಿನ ಫೈಲ್ ಕೇಳಿ ಆ್ಯಪ್ ನಿಲ್ಲುತ್ತದೆ. ಒಂದು ವಾರ ಎರಡೂ ಇರಲಿ.

ಯಾರಿಗೆ ಬೇಡ? ದರದ ಪುಟ ಗೂಗಲ್ ಹುಡುಕಾಟದಲ್ಲಿ ಮೇಲೆ ಬರಬೇಕಿದ್ದರೆ ಡೇಟಾ ಬಗೆ ಸಾಲದು, ಸರ್ವರ್‌ನಲ್ಲೇ ಪುಟ ಕಟ್ಟುವ ಫ್ರೇಮ್‌ವರ್ಕ್ ಬಗೆ ಅಥವಾ ಅದೇ ಕೆಲಸದ ಇನ್ನೊಂದು ಫ್ರೇಮ್‌ವರ್ಕ್ ನೆಕ್ಸ್ಟ್ ಜೆಎಸ್ ನೋಡಿ. ಹತ್ತಾರು ಸೋಸುವಿಕೆಗಳಿರುವ ವರದಿ ಆ್ಯಪ್‌ಗೆ ಟ್ಯಾನ್‌ಸ್ಟ್ಯಾಕ್ ರೂಟರ್ ಎಂಬ ಪ್ರತಿಸ್ಪರ್ಧಿ ಹೆಚ್ಚು ಹೊಂದುತ್ತದೆ, ವಿಳಾಸದ ಸೋಸುವಿಕೆಗಳಿಗೂ ಟೈಪ್ ಭದ್ರತೆ (ತಪ್ಪು ಬಗೆಯ ಮೌಲ್ಯವನ್ನು ಕೋಡ್ ಬರೆಯುವಾಗಲೇ ಹಿಡಿಯುವುದು) ಕೊಡುವುದರಲ್ಲಿ ಅದರದೇ ಮೇಲುಗೈ.

6ರಲ್ಲಿರುವವರು 7ಕ್ಕೆ ನೇರ ಜಿಗಿಯಬೇಡಿ. 6ರ ಕೊನೆಯ ಆವೃತ್ತಿಗೆ ಬಂದು 7ರ ನಡವಳಿಕೆಯನ್ನು 6ರಲ್ಲೇ ಚಾಲೂ ಮಾಡುವ ಫ್ಯೂಚರ್ ಫ್ಲ್ಯಾಗ್‌ಗಳನ್ನು ಒಂದೊಂದಾಗಿ ಹಚ್ಚಿ, ಪ್ರತಿ ಸಲವೂ ಯಾದಿಯಿಂದ ಪಟ್ಟಿಗೆ ಹೋಗಿ ಬ್ಯಾಕ್ ಒತ್ತಿ ನೋಡಿ. ನಕ್ಷತ್ರ ಗುರುತಿನ ಹಾದಿಗಳೊಳಗಿನ ಸಾಪೇಕ್ಷ ಲಿಂಕ್‌ಗಳು ಈ ಹಂತದಲ್ಲೇ ದಾರಿ ತಪ್ಪುತ್ತವೆ. ಆಮೇಲೆ ರಿಯಾಕ್ಟ್-ರೂಟರ್-ಡಾಮ್ ಪೊಟ್ಟಣ ತೆಗೆದು ರಿಯಾಕ್ಟ್-ರೂಟರ್ ಹಾಕಿ. ಈ ಕೆಲಸವನ್ನು ತೊಗರಿ ಆವಕ ಇಳಿದು ಅಂಗಡಿ ಖಾಲಿಯಾಗುವ ಬೇಸಿಗೆಗೆ ಇಟ್ಟುಕೊಳ್ಳಿ, ಜನವರಿಯಲ್ಲಿ ಕೈಹಾಕಬೇಡಿ.