ಸಲಿಂಗ ಜೋಡಿಗಳಿಗೆ ಬ್ಯಾಂಕಿನ ಜಂಟಿ ಖಾತೆ: ಎಷ್ಟು ಪ್ರಯೋಜನ?

ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಒಪ್ಪಲಿಲ್ಲ. ಮದುವೆಯಲ್ಲದ ಕಾನೂನುಬದ್ಧ ಜೋಡಿಬಾಳಿನ ಹಕ್ಕಿನ ಬಗ್ಗೆ ಐವರು ನ್ಯಾಯಮೂರ್ತಿಗಳಲ್ಲೇ 3–2 ಭಿನ್ನಮತವಿತ್ತು. ಆಮೇಲೆ ಕೈಗೆ ಸಿಕ್ಕಿದ್ದು 2024ರ ಆಗಸ್ಟ್‌ನಲ್ಲಿ ಬಂದ ಸರ್ಕಾರದ ಸ್ಪಷ್ಟನೆ: ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ನಿರ್ಬಂಧವಿಲ್ಲ.

ಖಾತೆ ತೆರೆಯುವುದು ಸುಲಭ. ಇಬ್ಬರ ಆಧಾರ್, ಪ್ಯಾನ್, ಫೋಟೊ ಇದ್ದರಾಯಿತು. ಮದುವೆ ಪ್ರಮಾಣಪತ್ರ ಬೇಡ. ಎಡವುವುದು ಖಾತೆ ನಡೆಸುವ ವಿಧಾನದ ಕಾಲಂನಲ್ಲಿ. 'ಜಂಟಿಯಾಗಿ' ಎಂದು ಟಿಕ್ ಹಾಕಿದರೆ ಪ್ರತಿ ಸಲ ಎರಡು ಸಹಿ ಬೇಕು; ಒಬ್ಬರು ಆಸ್ಪತ್ರೆ ಸೇರಿದ ದಿನವೇ ಹಣ ಸಿಕ್ಕಿಬೀಳುತ್ತದೆ. ಇಬ್ಬರಲ್ಲಿ ಯಾರೊಬ್ಬರಾದರೂ, ಒಬ್ಬರು ತೀರಿಕೊಂಡರೆ ಉಳಿದವರು ಖಾತೆ ನಡೆಸಬಹುದಾದ 'ಐದರ್ ಆರ್ ಸರ್ವೈವರ್' ಆರಿಸಿ.

ಇನ್ನೊಂದು ತಪ್ಪು ತಿಳಿವಳಿಕೆ ನಾಮಿನಿಯದು. ನಾಮಿನಿ ಬ್ಯಾಂಕಿನಿಂದ ಹಣ ಪಡೆಯಬಹುದು, ಆದರೆ ವಾರಸುದಾರರಾಗುವುದಿಲ್ಲ. ತೀರಿಕೊಂಡವರ ಮನೆಯವರು ಕೋರ್ಟಿಗೆ ಹೋದರೆ ಸಂಗಾತಿಯ ಕೈ ಬರಿದಾಗಬಹುದು. ಇಬ್ಬರು ಸಾಕ್ಷಿಗಳ ಸಹಿಯಿರುವ ವಿಲ್ ಜೊತೆಗಿರಲಿ. ಅದಕ್ಕೆ ಸ್ಟಾಂಪ್ ಪೇಪರ್ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ.

ಮದುವೆಯ ಬದಲು ಇಂಥ ಸೌಲಭ್ಯಗಳೇ ಸಾಕು ಎನ್ನುವವರಿದ್ದಾರೆ. ಆ ವಾದ ನಮಗೆ ಒಪ್ಪಿಗೆಯಿಲ್ಲ: ಗಂಡಹೆಂಡಿರಿಗೆ ತಾನಾಗಿ ದಕ್ಕುವ ವಾರಸು ಹಕ್ಕನ್ನು ಇಲ್ಲಿ ಒಂದೊಂದೇ ಕಾಗದ ಮಾಡಿ ಕಟ್ಟಿಕೊಳ್ಳಬೇಕು.