ಒತ್ತಕ್ಷರ ನುಂಗುವ ಥೀಮ್ ಮತ್ತು ಅದರ ನೆತ್ತಿಯ ಮೇಲಿನ ಪಟ್ಟಿ

ಆನ್‌ಲೈನ್ ಅಂಗಡಿಗೆ ತೊಡಿಸುವ ಸಿದ್ಧ ವಿನ್ಯಾಸಕ್ಕೆ ಥೀಮ್ ಅನ್ನುತ್ತಾರೆ. ನಾನು ಕೊಂಡದ್ದರ ಡೆಮೊದಲ್ಲಿ ಎಲ್ಲವೂ ಚೆಂದವೇ ಇತ್ತು. ಬಿಳಿ ಹಿನ್ನೆಲೆ, ಪರದೆ ತುಂಬ ಫೋಟೊ, ಅದರ ಕೆಳಗೆ ತೆಳ್ಳನೆಯ ಇಂಗ್ಲಿಷ್ ಅಕ್ಷರದಲ್ಲಿ ಯಾವುದೋ ಸೋಫಾದ ಹೆಸರು. ಸುಮಾರು ಐದು ಸಾವಿರ ರೂಪಾಯಿ ಕೊಟ್ಟು ಕೊಂಡೆ, ಸೋಫಾ ತೆಗೆದೆ, ನಮ್ಮ ಮಾಲು ಹಾಕಿದೆ. ‘ಸಜ್ಜಿ ರೊಟ್ಟಿ’ ಅಂತ ಟೈಪ್ ಮಾಡಿದ್ದು ಅಂಗಡಿಯ ಪುಟದಲ್ಲಿ ‘ಸಜಿ ರೊಟಿ’ ಆಗಿ ಕೂತಿತ್ತು. ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿ, ‘ಗುರೆಳು’ ಆಗಿತ್ತು, ಹಪ್ಪಳ ‘ಹಪಳ’. ಪುಣೆಯಿಂದ ಒಬ್ಬರು ಫೋನ್ ಮಾಡಿ, “ಏನ್ರೀ ಅಕ್ಕಾರ, ಊರು ಬಿಟ್ಟ ನಾವು ಕನ್ನಡ ಮರೀಬೇಕು. ನೀವ್ಯಾಕ ಮರೀಲತ್ತೀರಿ?” ಅಂದರು. ಅವ್ವ ಚಾಳೀಸು ಹಾಕಿಕೊಂಡು ಫೋನ್ ನೋಡಿ, “ರೊಟ್ಟೀದು ಕಾಲೇ ಕಡದಾರಲ್ಲ” ಅಂದಳು.

ಥೀಮ್‌ನ ಹೆಸರು ಬರೆಯುತ್ತಿಲ್ಲ. ಒಂದಕ್ಕೇ ಬೈದರೆ ಉಳಿದವೆಲ್ಲ ಸಾಚಾ ಅಂತ ಆಗುತ್ತದೆ. ‘ಡೆಮೊ ಇಂಪೋರ್ಟ್ ಮಾಡಿ, ಸಂಜೆಯೊಳಗೆ ಅಂಗಡಿ ತೆರೆಯಿರಿ’ ಎನ್ನುವ ಜಾತಿಯ ವೂಕಾಮರ್ಸ್ (ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ವೆಬ್‌ಸೈಟಿಗೆ ಅಂಗಡಿ ಜೋಡಿಸುವ ಸಾಫ್ಟ್‌ವೇರ್) ಥೀಮ್ ಅಂದರೆ ಸಾಕು, ನೀವೂ ಅಂಥ ಒಂದನ್ನು ನೋಡಿರುತ್ತೀರಿ. ಫೀಚರ್‌ಗಳ ಪಟ್ಟಿ ಮಾರುವ ಪುಟದಲ್ಲೇ ಇರುತ್ತದೆ, ಅದನ್ನು ಇಲ್ಲಿ ಮತ್ತೆ ಓದಿಸುವುದಿಲ್ಲ. ನಮ್ಮದು ಕಲಬುರಗಿಯಲ್ಲಿ ಮನೆಯಿಂದಲೇ ನಡೆಯುವ ಧಂದೆ: ಜೋಳದ ಖಡಕ್ ರೊಟ್ಟಿ, ನಾಲ್ಕು ಬಗೆಯ ಹಿಂಡಿ, ಹಪ್ಪಳ, ಒಂದಿಷ್ಟು ತೊಗರಿ ಬ್ಯಾಳಿ. ಅವ್ವ, ವೈನಿ ಮತ್ತು ಓಣಿಯ ಸ್ತ್ರೀ ಶಕ್ತಿ ಸಂಘದ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ. ವೆಬ್‌ಸೈಟು, ಪಾರ್ಸಲ್ಲು, ಲೆಕ್ಕ ನನ್ನ ಪಾಲಿಗೆ. ಕೊಳ್ಳುವವರು ಹೆಚ್ಚಿನಂಶ ಬೆಂಗಳೂರು, ಪುಣೆ, ಹೈದರಾಬಾದ್ ಸೇರಿದ ನಮ್ಮ ಕಡೆಯವರೇ. ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಆದರೆ ಹಿಂಡಿಯನ್ನು ಇಂಗ್ಲಿಷಿನಲ್ಲಿ ಮಾರಿದರೆ ಅದು ನಮ್ಮ ಮನೆಯ ಹಿಂಡಿ ಅನ್ನಿಸುವುದಿಲ್ಲ. ಹಾಗಾಗಿ ಹೆಸರುಗಳೆಲ್ಲ ಕನ್ನಡದಲ್ಲೇ ಇರಬೇಕು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆವು.

ಒತ್ತು ಹೋಗಲು ಕಾರಣ ಸಣ್ಣದು. ಇಂಗ್ಲಿಷಿನಲ್ಲಿ ಜಿ, ಪಿ, ವೈ ಥರದ ಕೆಲವೇ ಅಕ್ಷರ ಗೆರೆಯ ಕೆಳಗೆ ಬಾಲ ಬಿಡುತ್ತವೆ, ಅದೂ ಚೂರು. ಕನ್ನಡದಲ್ಲಿ ಇಡೀ ಒಂದು ಅಕ್ಷರ ಇನ್ನೊಂದರ ಬುಡದಲ್ಲಿ ಬಂದು ಕೂಡುತ್ತದೆ, ಮೇಲೆ ಗುಡಿಸು ಬೇರೆ. ಈ ಥೀಮ್ ಮಾಲಿನ ಹೆಸರಿಗೆ ಲೈನ್-ಹೈಟ್ (ಸಾಲಿನ ಎತ್ತರ) 1.2 ಇಟ್ಟಿದೆ, ಅಂದರೆ ಅಕ್ಷರದ ಅಳತೆಗಿಂತ ಐದರಲ್ಲಿ ಒಂದು ಪಾಲು ಮಾತ್ರ ಹೆಚ್ಚು ಜಾಗ. ಸಾಲದ್ದಕ್ಕೆ, ಪುಟದಲ್ಲಿ ಎಲ್ಲ ಮಾಲೂ ಒಂದೇ ಎತ್ತರಕ್ಕೆ ಕಾಣಲಿ ಅಂತ ಆ ಚೌಕದ ಆಚೆ ಬಂದದ್ದನ್ನೆಲ್ಲ ಮರೆಮಾಡುವ ಆಜ್ಞೆಯೂ ಇದೆ. ಒತ್ತು ಆಚೆ ಬರುತ್ತದೆ, ಮರೆಯಾಗುತ್ತದೆ. ವಿವರಣೆಯ ಭಾಗದಲ್ಲಿ ಮರೆಮಾಡುವುದಿಲ್ಲ, ಅಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಏರಿ ಕೂಡುತ್ತದೆ. ಗುಂಡಿಗಳಲ್ಲಿ ಇನ್ನೊಂದು ಶೋಕಿ: ಅಕ್ಷರಗಳ ನಡುವೆ ಎರಡು ಪಿಕ್ಸೆಲ್ ಜಾಗ. ಇಂಗ್ಲಿಷ್ ಕ್ಯಾಪಿಟಲ್‌ಗಳಿಗೆ ಅದು ಒಪ್ಪುತ್ತದೆ. ‘ಬುಟ್ಟಿಗೆ ಹಾಕಿ’ ಎನ್ನುವುದು ಮಾತ್ರ ಜಗಳ ಮಾಡಿಕೊಂಡ ಅಣ್ಣತಮ್ಮಂದಿರಂತೆ ದೂರದೂರ ಕೂತಿತ್ತು.

ಬೆಂಬಲದವರಿಗೆ ಬರೆದೆ. ಇಂಥ ಥೀಮ್ ಒಮ್ಮೆ ಕೊಂಡರೆ ಅಪ್‌ಡೇಟ್ ಬರುತ್ತಲೇ ಇರುತ್ತದೆ, ಪ್ರಶ್ನೆ ಕೇಳುವ ಹಕ್ಕು ಮಾತ್ರ ಆರು ತಿಂಗಳಿಗೆ. ಡೆಮೊದಲ್ಲಿ ತೊಂದರೆ ಕಾಣಿಸುತ್ತಿಲ್ಲ ಅಂತ ಉತ್ತರ ಬಂತು. ಅಲ್ಲಿ ಕಾಣುವುದಾದರೂ ಹೇಗೆ, ಇರುವುದೆಲ್ಲ ಸೋಫಾ! ಸ್ಕ್ರೀನ್‌ಶಾಟ್ ಕಳಿಸಿದೆ. ಕನ್ನಡ ಓದದವರಿಗೆ ತುಂಡಾದ ಅಕ್ಷರ ಯಾವುದು, ಇಡೀ ಅಕ್ಷರ ಯಾವುದು ಹೇಗೆ ಗೊತ್ತಾಗಬೇಕು? ಕೆಂಪು ಗೆರೆ ಎಳೆದು ಕಳಿಸಿದ ಮೇಲೆ, ಇದು ಕಸ್ಟಮ್ ಕೆಲಸ, ಬೇರೆ ದುಡ್ಡಾಗುತ್ತದೆ ಅಂದರು. ಊರಲ್ಲೇ ವೆಬ್‌ಸೈಟ್ ಮಾಡಿಕೊಡುವ ಒಬ್ಬರು ಹದಿನೈದು ಸಾವಿರ ಕೇಳಿದರು. ಅದಕ್ಕೆ ಎಷ್ಟು ರೊಟ್ಟಿ ಬಡಿಯಬೇಕು ಅಂತ ವೈನಿ ನಿಂತಲ್ಲೇ ಲೆಕ್ಕ ಹಾಕಿ, “ಕೈ ಬಿಡು” ಅಂದರು.

ದುರಸ್ತಿ ಆದದ್ದು ಬಿಟ್ಟಿ ಸಿಗುವ ಜಾಗದಲ್ಲಿ. ವರ್ಡ್‌ಪ್ರೆಸ್‌ನ ಕಸ್ಟಮೈಸ್ ಮೆನು ಒಳಗೆ ‘ಅಡಿಶನಲ್ ಸಿಎಸ್‌ಎಸ್’ ಅಂತ ಪುಟದ ರೂಪ ತಿದ್ದುವ ಆಜ್ಞೆ ಬರೆಯುವ ಒಂದು ಖಾನೆ ಇದೆ, 2016ರ ಡಿಸೆಂಬರ್‌ನಲ್ಲಿ ಬಂದ ವರ್ಡ್‌ಪ್ರೆಸ್ 4.7ರಿಂದಲೂ ಇದೆ. ಅದರಲ್ಲಿ ಮಾಲಿನ ಹೆಸರಿಗೆ ಲೈನ್-ಹೈಟ್ 1.7, ಎತ್ತರ ಆಟೊ, ಓವರ್‌ಫ್ಲೋ ವಿಸಿಬಲ್ (ಆಚೆ ಬಂದದ್ದೂ ಕಾಣಲಿ). ಗುಂಡಿಗಳಿಗೆ ಲೆಟರ್-ಸ್ಪೇಸಿಂಗ್ ಸೊನ್ನೆ. ಅಷ್ಟೇ ಕೆಲಸ. 1.5ಕ್ಕೆ ರೊಟ್ಟಿ ಸರಿಹೋಯಿತು, ‘ಸ್ತ್ರೀ ಶಕ್ತಿ’ಯಲ್ಲಿ ಎರಡನೆಯ ಒತ್ತು ಇನ್ನೂ ತಾಗುತ್ತಿತ್ತು, ಅದಕ್ಕೇ 1.7. ಈ ಖಾನೆಯಲ್ಲಿ ಬರೆದದ್ದು ಥೀಮ್ ಅಪ್‌ಡೇಟ್ ಆದರೂ ಉಳಿಯುತ್ತದೆ. ಥೀಮ್‌ನ ಫೈಲಿಗೇ ಕೈ ಹಾಕಿದರೆ ಮುಂದಿನ ಅಪ್‌ಡೇಟ್ ಎಲ್ಲವನ್ನೂ ಒರೆಸಿಬಿಡುತ್ತದೆ, ಅಷ್ಟು ಆಳಕ್ಕೆ ಹೋಗಬೇಕಾದವರು ಚೈಲ್ಡ್ ಥೀಮ್ (ಮೂಲ ಥೀಮನ್ನು ಮುಟ್ಟದೆ ಬದಲಾವಣೆಗಳನ್ನಷ್ಟೇ ಇಡುವ ಮರಿ ಥೀಮ್) ಮಾಡಿಕೊಳ್ಳಬೇಕು. ಹೊಸ ಬಗೆಯ ಬ್ಲಾಕ್ ಥೀಮ್ ಇದ್ದವರಿಗೆ ಇದೇ ಖಾನೆ ಸೈಟ್ ಎಡಿಟರ್‌ನ ಸ್ಟೈಲ್ಸ್ ಒಳಗೆ ಸಿಗುತ್ತದೆ.

ಇದು ಒಮ್ಮೆ ಮಾಡಿ ಮರೆಯುವ ಕೆಲಸವೂ ಅಲ್ಲ. ಈಚೆಗಿನ ಅಪ್‌ಡೇಟ್‌ನಲ್ಲಿ ಪರದೆಯ ಬದಿಯಿಂದ ಜಾರಿ ಬರುವ ಹೊಸ ಬುಟ್ಟಿ ಕೊಟ್ಟರು, ಅದಕ್ಕೂ 1.2. ಮತ್ತೆ ಎರಡು ಸಾಲು ಬರೆಯಬೇಕಾಯಿತು.

ಫಾಂಟಿನ ವಿಷಯವೂ ಇಲ್ಲೇ ಬರುತ್ತದೆ. ಥೀಮ್‌ನ ಜೊತೆ ಬರುವ ಅಂದದ ಫಾಂಟಿನಲ್ಲಿ ಕನ್ನಡ ಇಲ್ಲವೇ ಇಲ್ಲ. ಇಲ್ಲದಿದ್ದಾಗ ಬ್ರೌಸರ್ ತನಗೆ ಸಿಕ್ಕದ್ದನ್ನು ಎಳೆದುಕೊಳ್ಳುತ್ತದೆ, ವಿಂಡೋಸ್‌ನಲ್ಲಿ ನಿರ್ಮಲಾ, ಆಂಡ್ರಾಯ್ಡ್‌ನಲ್ಲಿ ನೋಟೊ. ಬೆಲೆಯ ಅಂಕಿ ಒಂದು ಫಾಂಟಿನಲ್ಲಿ, ರೊಟ್ಟಿ ಇನ್ನೊಂದರಲ್ಲಿ. ನಾನು ಮೈಬರಹಕ್ಕೆ ನೋಟೊ ಸ್ಯಾನ್ಸ್ ಕನ್ನಡ, ಹೆಸರುಗಳಿಗೆ ಅನೇಕ್ ಕನ್ನಡ ಇಟ್ಟೆ, ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ. ಬಾಲೂ ತಮ್ಮ ಕೂಡ ಹಾಕಿ ನೋಡಿದ್ದೆ. ದುಂಡಗೆ ಮುದ್ದಾಗಿದೆ, ಆದರೆ ಬ್ಯಾಳಿ ಮಾರುವ ಅಂಗಡಿಗೆ ಸ್ವಲ್ಪ ಹುಡುಗಾಟ ಅನ್ನಿಸಿತು. ಒತ್ತಕ್ಷರಗಳಿಂದಾಗಿ ಕನ್ನಡ ಫಾಂಟಿನ ಫೈಲು ಇಂಗ್ಲಿಷಿನದಕ್ಕಿಂತ ಭಾರ. ಸಾದಾ ಮತ್ತು ದಪ್ಪ, ಎರಡೇ ತೂಕ ಸಾಕು. ಒಂಬತ್ತೂ ತುಂಬಿಸಿದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ಪುಟ ತೆರೆಯುವುದೇ ತಡ.

ಒತ್ತಿನ ಜಗಳ ಮುಗಿಯುವ ಹೊತ್ತಿಗೆ ಕಣ್ಣಿಗೆ ಬಿದ್ದದ್ದು ಇನ್ನೊಂದು. ಪ್ರತಿ ಮಾಲಿನ ಕೆಳಗೆ ಕೆಂಪಕ್ಷರದಲ್ಲಿ ‘ಈಗ 23 ಜನ ಇದನ್ನು ನೋಡುತ್ತಿದ್ದಾರೆ’ ಎನ್ನುವ ಅರ್ಥದ ಇಂಗ್ಲಿಷ್ ಸಾಲು, ಜೊತೆಗೆ ಇಳಿಯುತ್ತಾ ಹೋಗುವ ಗಡಿಯಾರ. ನೋಡುತ್ತಿದ್ದವಳು ನಾನೊಬ್ಬಳೇ. ಪುಟ ಮತ್ತೆ ತೆರೆದರೆ 31 ಜನ! ಥೀಮ್ ತಾನೇ ಅಂಕಿ ಹುಟ್ಟಿಸುತ್ತದೆ, ಕೊಂಡ ದಿನದಿಂದಲೇ ಅದು ಆನ್ ಆಗಿರುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ 13 ಬಗೆಯ ಮೋಸಗಳ ಪಟ್ಟಿ ಇದೆ, ಅದರಲ್ಲಿ ಮೊದಲನೆಯದೇ ಸುಳ್ಳು ಅವಸರ ಹುಟ್ಟಿಸುವುದು. ಕಾನೂನು ಹಾಗಿರಲಿ, ನಮ್ಮ ಗಿರಾಕಿ ಅವ್ವನಿಗೆ ಫೋನ್ ಮಾಡಿ “ಖರೇನೇ ಅಷ್ಟು ಮಂದಿ ನೋಡಲತ್ತಾರೇನ್ರಿ?” ಅಂತ ಕೇಳುವವರು. ಅವರ ಮುಂದೆ ಯಾವ ಮುಖ ಇಟ್ಟುಕೊಂಡು ಮಾತಾಡುವುದು? ಆಫ್ ಮಾಡುವ ಗುಂಡಿ ಥೀಮ್ ಆಪ್ಶನ್ಸ್‌ನಲ್ಲಿ ಮೂರು ಮೆನು ಒಳಗಿದೆ. ಕೊಂಡವರು ಮೊದಲು ಅದನ್ನು ಹುಡುಕಿ ಮುಚ್ಚಿ.

ಇಷ್ಟು ಬೈದ ಮೇಲೂ ಈ ಥೀಮನ್ನು ಯಾಕೆ ಬಿಟ್ಟಿಲ್ಲ ಅಂದರೆ, ಪುಟದ ನೆತ್ತಿಯ ಮೇಲಿರುವ ಒಂದು ಬೆರಳಗಲದ ಪಟ್ಟಿ ಕಾರಣ. ಡೆಮೊದಲ್ಲಿ ಅಲ್ಲಿ ಐವತ್ತು ಡಾಲರ್ ದಾಟಿದರೆ ಸಾಗಾಣಿಕೆ ಉಚಿತ ಅಂತಿತ್ತು. ಕೊಳ್ಳುವಾಗ ಅದಕ್ಕೆ ನಾನು ಬೆಲೆಯನ್ನೇ ಕಟ್ಟಿರಲಿಲ್ಲ. ಈಗ ನಮ್ಮ ಅಂಗಡಿ ನಡೆಯುವುದೇ ಆ ಪಟ್ಟಿಯ ಮೇಲೆ.

ರಾತ್ರಿ ಊಟ ಆಗಿ, ಭಾಂಡೆ ತೊಳೆದು, ವೈನಿ ಹಿಟ್ಟಿನ ಡಬ್ಬಿ ಇಣುಕಿ ನೋಡಿ ನಾಳೆಯ ಹಿಸೇಬು ಹೇಳುತ್ತಾರೆ. “ನಾಳಿ ಜ್ವಾಳದ್ದು ಇನ್ನೂರು, ಸಜ್ಜೀದು ಐವತ್ತು. ಎಳ್ಳು ಹಚ್ಚಿದ್ದು ಅಂತ ಬರೀಬ್ಯಾಡ, ಎಳ್ಳು ತೀರ್ಯದ.” ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಮನೆಯೊಳಗೆ ಮಲಗುವ ಮಾತೇ ಇಲ್ಲ. ಮಾಳಗಿ ಮೇಲೆ ಹಾಸಿಗೆ ಹಾಕಿಕೊಂಡು ಫೋನಿನಲ್ಲಿ ಕಸ್ಟಮೈಸ್ ತೆರೆಯುತ್ತೇನೆ. ಪಟ್ಟಿಯ ಖಾನೆಯಲ್ಲಿ ಒಂದು ಸಾಲು: ‘ಇವತ್ತ ಸಜ್ಜಿ ರೊಟ್ಟಿ ಐವತ್ತೇ ಅವ. ಪಾರ್ಸಲ್ ಮಧ್ಯಾಹ್ನ ಎರಡಕ್ಕ ಹೋಗ್ತದ.’ ಪಬ್ಲಿಶ್ ಗುಂಡಿಯ ಪಕ್ಕದ ಗೇರ್ ಒತ್ತಿದರೆ ಶೆಡ್ಯೂಲ್ ಅಂತ ಬರುತ್ತದೆ, ಬೆಳಿಗ್ಗೆ ಆರು ಅಂತ ಕೊಟ್ಟು ಮಲಗುತ್ತೇನೆ. ಈ ಸೌಕರ್ಯ ವರ್ಡ್‌ಪ್ರೆಸ್‌ನದು, 2017ರ 4.9ರಿಂದ ಇದೆ. ಆದರೆ ಪಟ್ಟಿಯನ್ನು ಕಸ್ಟಮೈಸ್ ಒಳಗೇ, ಬೆರಳಿಗೆ ಸಿಗುವ ಹಾಗೆ ಇಟ್ಟ ಪುಣ್ಯ ಥೀಮ್‌ನವರದು. ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಝೋನ್ ಕೋಲ್ಕತ್ತ ಅಂತಿರಬೇಕು. ಇನ್ನೊಂದು ಮಾತು: ವರ್ಡ್‌ಪ್ರೆಸ್‌ನ ಗಡಿಯಾರ ತಾನಾಗಿ ಏಳುವುದಿಲ್ಲ, ಯಾರಾದರೂ ಪುಟ ತೆರೆದಾಗ ಎದ್ದು ಬಾಕಿ ಕೆಲಸ ನೋಡುತ್ತದೆ. ನಮ್ಮಲ್ಲಿ ಅದನ್ನು ಎಬ್ಬಿಸುವವಳು ಅವ್ವ. ದೇವರಿಗೆ ದೀಪ ಹಚ್ಚಿ, ಚಹಾಕ್ಕೆ ಇಟ್ಟು, ಫೋನ್ ತೆರೆದು, ಹಳೆಯ ಸಾಲು ಕಂಡರೆ ಇನ್ನೊಮ್ಮೆ ತೆರೆದು, ಹೊಸ ಸಾಲನ್ನು ಗಟ್ಟಿಯಾಗಿ ಓದುತ್ತಾಳೆ. ವೈನಿ ಒಲೆಯ ಮುಂದಿನಿಂದಲೇ ತಿದ್ದುತ್ತಾರೆ.

ಪಟ್ಟಿಗೆ ಒಂದು ಗುಣವಿದೆ. ಓದಿದವರು ಗುಣಾಕಾರದ ಗುರುತು ಒತ್ತಿ ಮುಚ್ಚಿದರೆ ಮತ್ತೆ ಕಾಡುವುದಿಲ್ಲ, ಸಾಲು ಬದಲಾದ ದಿನ ಮಾತ್ರ ತಾನೇ ಮರಳಿ ಬರುತ್ತದೆ. ಹಾಗಾಗಿ ಜನ ಅದನ್ನು ಓದುತ್ತಾರೆ. ಎಳ್ಳಮಾಸಿಗೆ ‘ಸಜ್ಜಿ ಕಡಬು ಮನ್ಯಾಗೇ ಮಾಡ್ಕೋರಿ, ರೊಟ್ಟಿ ನಾವು ಕೊಡ್ತೀವಿ’ ಅಂತ ಹಾಕಿದ್ದೆ. ಶರಣಬಸವೇಶ್ವರ ಜಾತ್ರೆಗೆ ‘ಎರಡು ದಿನ ಪಾರ್ಸಲ್ ಇಲ್ಲ, ತೇರಿಗಿ ಬರ್ರಿ’ ಅಂದದ್ದಕ್ಕೆ ಆರ್ಡರಿಗಿಂತ ಹೆಚ್ಚು ಮೆಸೇಜು ಬಂದವು. ಹೈದರಾಬಾದಿನ ಒಬ್ಬ ಮಾವಶಿ ಏನೂ ಕೊಳ್ಳದ ದಿನವೂ ಪಟ್ಟಿ ನೋಡುತ್ತಾರಂತೆ. 23 ಜನರ ಸುಳ್ಳು ಲೆಕ್ಕ ಮಾಡದ ವ್ಯಾಪಾರವನ್ನು ‘ಐವತ್ತೇ ಅವ’ ಎನ್ನುವ ನಿಜ ಮಾಡಿಕೊಟ್ಟಿದೆ. ಐವತ್ತು ಮುಗಿದ ಕೂಡಲೇ ಫೋಟೊ ತಾನಾಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಅದೂ ಚೆಂದ.

ಉಳಿದವು ಚುಟುಕಾಗಿ. ಮಾಲಿನ ಪುಟದಲ್ಲಿ ಸೋಫಾಕ್ಕೆ ಬೇಕಾದ ಬಟ್ಟೆ, ಉದ್ದಗಲದ ಟ್ಯಾಬುಗಳಿವೆ. ಪ್ಯಾಕ್ ಮಾಡಿ ಆನ್‌ಲೈನ್ ಮಾರುವವರು ಲೀಗಲ್ ಮೆಟ್ರಾಲಜಿ ನಿಯಮದಂತೆ ತೋರಿಸಲೇಬೇಕಾದ ನಿವ್ವಳ ತೂಕ, ಎಂಆರ್‌ಪಿ, ತಯಾರಕರ ವಿಳಾಸಕ್ಕೆ ಜಾಗವಿಲ್ಲ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಪರವಾನಗಿ ಸಂಖ್ಯೆಗೂ ಇಲ್ಲ. ಟ್ಯಾಬಿನ ಹೆಸರು ಬದಲಿಸಿ ಅಲ್ಲಿಯೇ ತುಂಬಿಸಿದ್ದೇನೆ. ಕನ್ನಡ ಹೆಸರಿನಿಂದ ವರ್ಡ್‌ಪ್ರೆಸ್ ತಾನೇ ಮಾಡುವ ಕೊಂಡಿಯನ್ನು ವಾಟ್ಸಾಪ್‌ಗೆ ಹಾಕಬೇಡಿ: ಒಂದೊಂದು ಚಿಹ್ನೆಗೆ ಒಂಬತ್ತು ಅಕ್ಷರದ ಶೇಕಡಾ ಗುರುತಿನ ಸರಮಾಲೆ, ಅದಕ್ಕಿರುವ ಜಾಗ ಇನ್ನೂರು. ಉದ್ದ ಹೆಸರು ನಡುವೆಯೇ ಕತ್ತರಿಸಿಹೋಗುತ್ತದೆ. ಸ್ಲಗ್ (ಕೊಂಡಿಯಲ್ಲಿ ಮಾಲಿನ ಹೆಸರಿರುವ ಭಾಗ) ಇಂಗ್ಲಿಷ್ ಲಿಪಿಯಲ್ಲಿ ಕೊಡಿ. 585101ರಿಂದ 585106ರವರೆಗಿನ ಪಿನ್‌ಕೋಡಿಗೆ ಸಾಗಾಣಿಕೆ ಖರ್ಚು ಬೇಡ ಅಂತ ಹೇಳುವುದು ವೂಕಾಮರ್ಸ್‌ನಲ್ಲೇ ಸುಲಭ, ಥೀಮಿಗೂ ಅದಕ್ಕೂ ಸಂಬಂಧವಿಲ್ಲ.

ಐದರಲ್ಲಿ ಮೂರು ಕೊಡುತ್ತೇನೆ. ಒಂದು ಹೋದದ್ದು ಒತ್ತಿಗೆ, ಇನ್ನೊಂದು ಆ ಕೆಂಪು ಗಡಿಯಾರಕ್ಕೆ. ಮುಗಿದ ಬೆಂಬಲಕ್ಕೆ ಮತ್ತೆ ದುಡ್ಡು ಕಟ್ಟುವುದಿಲ್ಲ. ನಿಮ್ಮ ಮಾಲಿನ ಹೆಸರುಗಳು ಇಂಗ್ಲಿಷಿನಲ್ಲಿದ್ದರೆ ಈ ಬಗೆಯ ಥೀಮ್ ಕಣ್ಣು ಮುಚ್ಚಿ ತಗೊಳ್ಳಿ. ಕನ್ನಡದಲ್ಲಿದ್ದರೆ ದುಡ್ಡು ಕೊಡುವ ಮುಂಚೆ ಡೆಮೊ ಪುಟವನ್ನು ಕಂಪ್ಯೂಟರಿನಲ್ಲಿ ತೆರೆದು, ಮಾಲಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಇನ್‌ಸ್ಪೆಕ್ಟ್ ಒತ್ತಿ, ಅಲ್ಲಿರುವ ಇಂಗ್ಲಿಷ್ ಅಳಿಸಿ ‘ಸ್ತ್ರೀ ಶಕ್ತಿ ಗುರೆಳ್ಳು ಹಿಂಡಿ’ ಅಂತ ಹಾಕಿ ನೋಡಿ. ಅದು ನಿಮ್ಮ ಪರದೆಯಲ್ಲಿ ಮಾತ್ರ ಬದಲಾಗುತ್ತದೆ, ಯಾರಿಗೂ ತೊಂದರೆಯಿಲ್ಲ. ಎರಡನೆಯ ಒತ್ತು ಪೂರ್ತಿ ಕಂಡರೆ ಕೊಳ್ಳಿ.